ನೆಲ್ಸನ್‌ಗೆ ಹೋಗಬೇಕಾದವರ ಪಟ್ಟಿ

ಗವರ್ನರ್ ಸಹಿ ಇದ್ದ ಕಾಗದ ಬಂದಾಗ ನನ್ನ ಭಾವ ಡಿಗರಿ ಟ್ರೆವಿನ್ ಹಂದಿಗೂಡಿನ ಮಾಡಿನ ಮೇಲೆ ಕೂತು ಹಲಗೆ ಬಡಿಯುತ್ತಿದ್ದರು. ಕೆಳಗೆ ನಿಂತು ನಾನೇ ಅದನ್ನು ಓದಿ ಹೇಳಿದೆ. ತಾರಾನಾಕಿ ಮಿಲಿಷಿಯಾದಲ್ಲಿ ಅವರನ್ನು ಕ್ಯಾಪ್ಟನ್ ಆಗಿ ನೇಮಿಸಲಾಗಿದೆ ಎಂದಿತ್ತು. ಭಾವ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡರು.

"ಇನ್ನೊಂದ್ಸಲ ಓದು."

ಓದಿದೆ.

"ಹೆಸರು ನಂದೇನಾ?"

"ನಿಮ್ದೇ ಭಾವ."

"ಹಾಗಾದ್ರೆ ಮಳೆ ಬರೋದ್ರೊಳಗೆ ಈ ಮಾಡು ಮುಗಿಸ್ಬಿಡ್ಬೇಕು. ಆ ಹಲಗೆ ಇತ್ಲಾಗ್ ಕೊಡು."

ಭಾವ ಯಾವತ್ತೂ ಸೈನ್ಯದಲ್ಲಿದ್ದವರಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿದ್ದಾಗ ಬಡಗಿ. ಇಲ್ಲಿ ಒಮಾಟಾದಲ್ಲಿ ಐವತ್ತು ಎಕರೆ ಕಾಡು ಕಡಿದು ಗೋಧಿ, ಆಲೂಗಡ್ಡೆ ಬೆಳೆಯುತ್ತಿದ್ದ ರೈತ. ವಯಸ್ಸು ನಲವತ್ತೈದು. ಆದರೆ ನಮ್ಮಲ್ಲಿ ದೊಡ್ಡ ಚರ್ಚಿಗೆ ಹೋಗುವವರು ಒಂದು ಕಡೆ, ಮೆಥಡಿಸ್ಟರ ಪ್ರಾರ್ಥನಾ ಮಂದಿರಕ್ಕೆ ಹೋಗುವವರು ಇನ್ನೊಂದು ಕಡೆ. ಒಬ್ಬರ ಮಾತು ಇನ್ನೊಬ್ಬರಿಗೆ ಹಿಡಿಸುತ್ತಿರಲಿಲ್ಲ. ಜಗಳ ಬಂದರೆ ಇಬ್ಬರೂ ಭಾವನ ಹತ್ತಿರ ಬರುತ್ತಿದ್ದರು. ಅವರು ಎರಡೂ ಕಡೆಯ ಮಾತನ್ನು ಪೂರ್ತಿ ಕೇಳಿ, ಕೊನೆಗೆ ಯಾವ ತೀರ್ಪನ್ನೂ ಕೊಡದೆ ಚಹಾ ಕೊಟ್ಟು ಕಳಿಸುತ್ತಿದ್ದರು. ಅಂಥವರು ಹೇಳಿದರೆ ಎಲ್ಲರೂ ಕೇಳಿಯಾರು ಎಂದು ಸರ್ಕಾರಕ್ಕೆ ಯಾರೋ ಬರೆದಿರಬೇಕು.

ಮಿಲಿಷಿಯಾ ಎಂದರೆ ಮತ್ತೆ ಯಾರೂ ಅಲ್ಲ, ನಾವೇ. ಹದಿನಾರು ತುಂಬಿದ, ಐವತ್ತೈದು ದಾಟದ ಗಂಡಸರೆಲ್ಲ, ಇಷ್ಟವಿದ್ದರೂ ಇಲ್ಲದಿದ್ದರೂ. ಭಾವ ನನ್ನನ್ನು ಸಾರ್ಜೆಂಟ್ ಮಾಡಿದರು. ನಾನು ಅಲ್ಲಿಂದ ಮೂರು ಮೈಲಿ ಆಚೆಯ ನ್ಯೂ ಪ್ಲಿಮತ್ ಊರಿನ ಕಮ್ಮಾರ. ಕುಲುಮೆಯ ಸದ್ದಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ದೊಡ್ಡದಾಗಿತ್ತು. ಬೇರೆ ಯೋಗ್ಯತೆ ಏನೂ ಇರಲಿಲ್ಲ.

ಮರುವರ್ಷ, ಅಂದರೆ ಸಾವಿರದ ಎಂಟುನೂರ ಅರವತ್ತನೇ ಇಸವಿಯ ಮಾರ್ಚಿಯಲ್ಲಿ, ಯುದ್ಧ ಬಂತು. ವೈತಾರಾ ನದಿಯ ಬಳಿಯ ಒಂದು ಜಮೀನಿನ ವಿಷಯ. ಮಾರಿದವನಿಗೆ ಮಾರುವ ಹಕ್ಕೇ ಇಲ್ಲ ಎಂದು ಈ ನೆಲದ ಮೂಲನಿವಾಸಿಗಳಾದ ಮಾವೋರಿಗಳ ಹಿರಿಯರು ಅಂದರು. ಕೊಂಡಾಗಿದೆ, ಅಳೆಯುತ್ತೇವೆ ಎಂದು ಸರ್ಕಾರ ಅಂದಿತು. ಆ ಜಮೀನನ್ನು ನಮ್ಮಲ್ಲಿ ಮುಕ್ಕಾಲು ಪಾಲು ಜನ ಕಣ್ಣಿಂದಲೂ ನೋಡಿರಲಿಲ್ಲ. ಹದಿನೈದು ದಿನದೊಳಗೆ ಸುತ್ತಲ ಹೊಲಮನೆಗಳನ್ನೆಲ್ಲ ಬಿಟ್ಟು, ಗಾಡಿಯಲ್ಲಿ ಹಿಡಿದಷ್ಟು ಹೇರಿಕೊಂಡು ಎಲ್ಲರೂ ಊರೊಳಗೆ ಬಂದು ಸೇರಿದರು. ಊರ ಸುತ್ತ ಕಂದಕ ತೋಡಿದೆವು. ನನ್ನ ಎರಡು ಕೋಣೆಯ ಮನೆಯಲ್ಲಿ ನಾನು, ನನ್ನ ಹೆಂಡತಿ ಹೆಪ್ಸಿ, ಎರಡು ತುಂಬದ ನಮ್ಮ ಮಗ ನೆಡ್, ಭಾವ, ನನ್ನ ಅಕ್ಕ ಥಾಮಸಿನ್, ಅವರ ಒಂಬತ್ತು ವರ್ಷದ ಮಗಳು ಜೆನಿಫರ್, ಇನ್ನೂ ಐದು ಜನ. ಹೆಂಗಸರು ಮಂಚದ ಮೇಲೆ ಅಡ್ಡಡ್ಡ ಮಲಗುತ್ತಿದ್ದರು, ಗಂಡಸರು ಕುಲುಮೆಯ ಪಕ್ಕ.

ಮೊದಲ ತಿಂಗಳು ಒಂಥರಾ ಹುರುಪಿತ್ತು. ಆಮೇಲೆ ಉಳಿದಿದ್ದು ದಣಿವೊಂದೇ. ಒಂದು ದಿನ ಪೂರ್ತಿ ಗುಡ್ಡದ ಮೇಲೆ ಕಾವಲು, ಮರುದಿನ ಕವಾಯತು, ಅದರ ಮರುದಿನ ಕುಸಿದ ಕಂದಕ ರಿಪೇರಿ, ಮತ್ತೆ ಕಾವಲು. ಮಳೆಗಾಲದಲ್ಲಿ ಬೂಟಿನೊಳಗೆ ಕಾಲು ಬೆಂದ ಆಲೂಗಡ್ಡೆ ಥರ ಆಗುತ್ತಿತ್ತು. ನಮ್ಮ ಕಂಪನಿಯ ಎಂಬತ್ತು ಜನರಲ್ಲಿ ಪ್ರಾರ್ಥನೆಯ ಹೊತ್ತಿಗೆ ಎಚ್ಚರ ಇದ್ದವರು ಹತ್ತು ಜನ ಸಿಕ್ಕರೆ ಹೆಚ್ಚು. ಭಾವ ನಿಂತಲ್ಲೇ ನಿದ್ದೆ ಮಾಡುವುದನ್ನು ಕಲಿತರು. ಅವರಿಗೆ ಕೊಟ್ಟಿದ್ದ ಕತ್ತಿ ಉದ್ದವಾಗಿತ್ತು. ನಡೆಯುವಾಗ ಕಾಲಿಗೆ ತೊಡರುತ್ತಿತ್ತು. "ಈ ಕತ್ತಿ ಶತ್ರೂನ ಕೊಲ್ಲೋದಕ್ಕಿಂತ ಮುಂಚೆ ನನ್ನೇ ಬೀಳ್ಸಿ ಕೊಲ್ಲುತ್ತೆ" ಎನ್ನುತ್ತಿದ್ದರು.

ಜೂನ್ ತಿಂಗಳ ಒಂದು ಮಧ್ಯಾಹ್ನ ಗುಡ್ಡದ ಮೇಲಿಂದ ಒಮಾಟಾ ಕಡೆ ಹೊಗೆ ಕಂಡಿತು. ಭಾವ ದುರ್ಬೀನು ಇಸಿದುಕೊಂಡು ಬಹಳ ಹೊತ್ತು ನೋಡಿದರು.

"ಅದು ನಮ್ ಮನೆ. ಪಕ್ಕದ್ದು ಕಣಜ. ಈಗ ಹಾಲಿನ ಮನೆ ಹತ್ಕೊಂಡ್ತು" ಎಂದು ಹಾಜರಿ ಕರೆದ ಹಾಗೆ ಹೇಳುತ್ತಾ ಹೋದರು. ಆಮೇಲೆ ದುರ್ಬೀನನ್ನು ನನಗೆ ಕೊಟ್ಟು, "ನೋಡು, ಹಂದಿಗೂಡು ಬಿಟ್ಟಿದಾರೆ" ಅಂದರು.

ಹದಿನೆಂಟು ವರ್ಷದ ದುಡಿಮೆ. ಕಾವಲಿನ ಪಾಳಿ ಮುಗಿಯಲು ಇನ್ನೂ ನಾಲ್ಕು ಗಂಟೆ ಇತ್ತು, ಮುಗಿಸಿಯೇ ಕೆಳಗಿಳಿದರು.

ಆಗಸ್ಟ್‌ನಲ್ಲಿ ಹೊಸ ಹುಕುಂ ಬಂತು. ಊರಲ್ಲಿ ಜನ ಕಿಕ್ಕಿರಿದಿದ್ದರು, ಬಾವಿಗಳು ಕೆಟ್ಟಿದ್ದವು, ಜ್ವರ ಶುರುವಾಗಿತ್ತು. ಹೆಂಗಸರು ಮಕ್ಕಳನ್ನೆಲ್ಲ ಹಡಗಿನಲ್ಲಿ ಸಮುದ್ರದಾಚೆಯ ನೆಲ್ಸನ್‌ಗೆ ಕಳಿಸಬೇಕು ಎಂದು ಇಂಗ್ಲೆಂಡಿನಿಂದ ಬಂದಿದ್ದ ಪಡೆಯ ಕರ್ನಲ್ ತೀರ್ಮಾನಿಸಿದ್ದರು. ಪ್ರತಿ ಕಂಪನಿಯ ಕ್ಯಾಪ್ಟನ್ ತನ್ನ ಜನರ ಮನೆಯವರ ಪಟ್ಟಿ ಮಾಡಿ, ಅವರನ್ನು ದಂಡೆಗೆ ತಂದು ದೋಣಿ ಹತ್ತಿಸಬೇಕು. ನಮ್ಮ ಪಟ್ಟಿಯಲ್ಲಿ ಅರವತ್ತೊಂದು ಹೆಸರು. ಭಾವ ಕುಲುಮೆಯ ಪಕ್ಕ ಕೂತು ತಾವೇ ಬರೆದರು. ಮೊದಲ ಸಾಲಿನಲ್ಲಿ ಅಕ್ಕನ ಹೆಸರು, ಎರಡನೆಯದು ಜೆನಿಫರ್.

ಪಟ್ಟಿ ಹಿಡಿದು ನಾವಿಬ್ಬರೂ ಮನೆಮನೆ ಸುತ್ತಿದೆವು. ಲವ್‌ಡೇ ಪಾಸ್ಕೋ ಎಂಬ ಮುದುಕಿ ಇದ್ದಳು. ಅವಳ ಒಬ್ಬನೇ ಮಗ ನಮ್ಮ ಕಂಪನಿಯಲ್ಲಿದ್ದ. ಅವಳೂ ಭಾವನೂ ಇಂಗ್ಲೆಂಡಿನಲ್ಲಿ ಒಂದೇ ಹಳ್ಳಿಯವರು. ಅವಳು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅಡ್ಡ ಕೂತಿದ್ದಳು.

"ಬಾ ಡಿಗರಿ. ನಿನ್ ಮೂಗು ಸುರೀತಿದ್ದಾಗ ಒರಸ್ತಿದ್ದೋಳು ನಾನು. ಈಗ ಕತ್ತಿ ಕಟ್ಕೊಂಡು ನನ್ನೇ ಓಡ್ಸೋಕ್ ಬಂದ್ಯಾ?"

"ಓಡ್ಸೋದಲ್ಲ ಲವ್‌ಡೇಯಮ್ಮ. ಒಂದಷ್ಟು ತಿಂಗಳು. ನೆಲ್ಸನ್‌ನಲ್ಲಿ ಮನೆ ಕೊಡ್ತಾರೆ, ಒಳ್ಳೆ ನೀರಿದೆ."

"ನಂಗಲ್ಲಿ ಯಾರಿದಾರೆ? ನನ್ ಗಂಡ ಇಲ್ಲಿ ಮಣ್ಣಲ್ಲಿ ಮಲ್ಗಿದಾನೆ. ಅವನ ಹೆಸರೂ ಬರ್ಕೊ. ಇಬ್ರೂ ಒಟ್ಟಿಗೆ ಬರ್ತೀವಿ."

ಎದುರು ಮನೆಯ ಹೆಂಗಸೊಬ್ಬಳು ಕಿಟಕಿಯಿಂದಲೇ ಕೂಗಿದಳು: "ಕ್ಯಾಪ್ಟನ್ನೋರೇ, ಮೊದ್ಲು ನಿಮ್ಮನೆ ಒಲೆ ಆರ್ಸಿ! ಆಮೇಲೆ ನಮ್ಮನೇದು ಆರ್ಸೋಕ್ ಬನ್ನಿ!"

ಬೀದಿಯೆಲ್ಲ ನಕ್ಕಿತು. ನಾನು ನಗದೆ ಇರಲು ತುಟಿ ಕಚ್ಚಿಕೊಂಡೆ. ಭಾವ ಮಾತ್ರ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಅಕ್ಕ ಯಾಕೆ ಹೊರಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಊರಿಗೆ ಗೊತ್ತಿರಲಿಲ್ಲ.

ನಲವತ್ತೊಂದನೇ ಇಸವಿಯಲ್ಲಿ ನಾವು ಇಲ್ಲಿಗೆ ಹಡಗಿನಲ್ಲಿ ಬರುವಾಗ ಅಕ್ಕನ ಮಡಿಲಲ್ಲಿ ಹದಿನಾಲ್ಕು ತಿಂಗಳ ಮಗುವಿತ್ತು. ಜೋಸಾಯ ಎಂದು ಹೆಸರು. ಭೂಮಧ್ಯರೇಖೆ ದಾಟಿದ ವಾರದಲ್ಲಿ ಭೇದಿ ಹತ್ತಿ ತೀರಿಕೊಂಡಿತು. ಹಾಯಿಬಟ್ಟೆಯಲ್ಲಿ ಸುತ್ತಿ, ಕಾಲ ಬಳಿ ಕಬ್ಬಿಣದ ತುಂಡು ಕಟ್ಟಿ, ಹಲಗೆಯ ಮೇಲಿಂದ ನೀರಿಗೆ ಜಾರಿಸಿದರು. ನನಗೆ ಆಗ ಹದಿನಾರು. ಅಕ್ಕನ ತೋಳು ಹಿಡಿದುಕೊಂಡಿದ್ದವನು ನಾನೇ. ಇಲ್ಲಿ ದಂಡೆಗೆ ಇಳಿದ ದಿನ ಅವಳು ಹೇಳಿದ್ದಳು, ಇನ್ನು ಮೇಲೆ ಸತ್ತರೂ ಹಡಗು ಹತ್ತುವುದಿಲ್ಲ ಎಂದು. ಹತ್ತೊಂಬತ್ತು ವರ್ಷ ದಂಡೆಯ ಕಡೆಗೂ ಹೋಗಿರಲಿಲ್ಲ. ಮೀನು ಬೇಕಾದರೆ ನಾನು ತಂದುಕೊಡುತ್ತಿದ್ದೆ.

ಸಂಜೆ ಹಿತ್ತಲಲ್ಲಿ ಅವಳು ಬಟ್ಟೆ ಒಗೆಯುತ್ತಿದ್ದಳು. ಭಾವ ಹೋಗಿ ಪಕ್ಕದಲ್ಲಿ ನಿಂತರು.

"ನನ್ ಹೆಸರು ಎಷ್ಟನೇದು?" ಅಕ್ಕ ತಲೆ ಎತ್ತದೆ ಕೇಳಿದಳು.

"ಮೊದಲನೇದು."

"ಕೊನೇಲಿ ಹಾಕಿ. ಕೊನೇಲಿ ಜಾಗ ಸಾಲ್ಲಿಲ್ಲ ಅಂತ ಹೇಳ್ಬಹುದು."

"ಥಾಮಸಿನ್, ನಾನು ಕಂಡೋರ ಹೆಂಡ್ತಿ ಮಕ್ಕಳನ್ನ ಎಬ್ಸಿ ಕಳಿಸ್ಬೇಕು. ನಿನ್ನ ಬಿಟ್ಟು ಅವರನ್ನ ಹೇಗೆ ಕಳಿಸ್ಲಿ?"

"ಕಳಿಸ್ಬೇಡಿ."

"ಹುಕುಂ ಅದು."

"ಹುಕುಂ ಕೊಟ್ಟೋನು ಬಂದು ನನ್ ಕೇಳ್ಲಿ, ನಾನು ಹೇಳ್ತೀನಿ. ನೀವ್ ಕೇಳ್ಬೇಡಿ ರೀ. ನೀವು ಕೇಳೋ ಹಾಗೇ ಇಲ್ಲ."

ಅವರು ಒದ್ದೆ ಅಂಗಿಯ ಒಂದು ತುದಿ ಹಿಡಿದುಕೊಂಡರು, ಅವಳು ಇನ್ನೊಂದು ತುದಿ. ಇಬ್ಬರೂ ಸೇರಿ ಹಿಂಡಿದರು.

ಮೊದಲ ಹಡಗು ಬಂದ ದಿನ ನಮ್ಮ ಪಟ್ಟಿಯ ಅರವತ್ತೊಂದರಲ್ಲಿ ದಂಡೆಗೆ ಬಂದವರು ಹದಿನಾಲ್ಕು. ಕರ್ನಲ್ ಭಾವನನ್ನು ಕರೆಸಿದರು. ನಾನು ಬಾಗಿಲ ಹೊರಗೆ ನಿಂತಿದ್ದೆ, ಎಲ್ಲ ಕೇಳುತ್ತಿತ್ತು.

"ಟ್ರೆವಿನ್, ಗುರುವಾರ ಇನ್ನೊಂದು ಹಡಗಿದೆ. ಬರದೇ ಇರೋರನ್ನ ನಿಮ್ಮ ಸಿಪಾಯಿಗಳ ಕೈಲಿ ಎತ್ತಿಸ್ಕೊಂಡು ಬನ್ನಿ."

"ಸಾರ್, ಅವರು ಅವರವರ ತಾಯಂದಿರನ್ನ, ಹೆಂಡ್ತೀರನ್ನ ಎತ್ಕೊಂಡು ಬರ್ಬೇಕಾ?"

"ಯಾರು ಯಾರನ್ನ ಅನ್ನೋದು ನನಗೆ ಬೇಕಾಗಿಲ್ಲ. ನಿಮ್ಮ ಮನೆಯಿಂದಲೇ ಶುರು ಮಾಡಿ ಅಂತ ಊರವರು ಹೇಳ್ತಿದಾರಂತೆ. ಒಳ್ಳೆ ಸಲಹೆ. ಒಬ್ಬರು ಹತ್ತಿದರೆ ಉಳಿದವರೂ ಹತ್ತುತ್ತಾರೆ. ಇಲ್ಲಿದ್ದರೆ ಮಕ್ಕಳು ಸಾಯುತ್ವೆ, ಗೊತ್ತಿದೆ ತಾನೆ?"

ಕೊನೆಯ ಮಾತು ಸುಳ್ಳಾಗಿರಲಿಲ್ಲ. ಆ ಮನುಷ್ಯನ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಅದನ್ನು ಒಪ್ಪಬೇಕು.

ಗುರುವಾರ ಬೆಳಿಗ್ಗೆ ಅರ್ಧ ಊರು ದಂಡೆಯಲ್ಲಿತ್ತು. ನಮ್ಮಲ್ಲಿ ಬಂದರಿಲ್ಲ, ಹಡಗು ದೂರದಲ್ಲಿ ನಿಲ್ಲುತ್ತದೆ, ಅಲೆ ಸೀಳಿಕೊಂಡು ದೋಣಿಗಳು ಹೋಗಬೇಕು. ಜೆನಿಫರ್‌ಳನ್ನು ಪಕ್ಕದ ಮನೆಯವರ ಜೊತೆ ಕಳಿಸುವುದೆಂದು ಅಕ್ಕ ಒಪ್ಪಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮರಳಿನ ಮೇಲೆ ಕಾಲಿಟ್ಟಿದ್ದಳು, ಸಮುದ್ರಕ್ಕೆ ಬೆನ್ನು ಮಾಡಿ ಮಗಳ ಶಾಲು ಕಟ್ಟುತ್ತಿದ್ದಳು. ಹುಡುಗಿ ಅವಳ ಸೊಂಟ ಹಿಡಿದುಕೊಂಡು, "ನೀನೂ ಬಾ, ನೀನ್ ಬರ್ದಿದ್ರೆ ನಾನು ಹೋಗಲ್ಲ" ಎಂದು ರೋದಿಸುತ್ತಿದ್ದಳು. ಕರ್ನಲ್ ಕುದುರೆಯ ಮೇಲೆ ಕೂತು ನೋಡುತ್ತಿದ್ದರು. ಹೆಂಗಸರೂ ನೋಡುತ್ತಿದ್ದರು. ಅವತ್ತು ಯಾರೂ ತಮಾಷೆ ಮಾಡಲಿಲ್ಲ.

ಭಾವ ಕತ್ತಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ನೇರ ಹೋಗಿ ಅಕ್ಕನನ್ನು ಎರಡೂ ತೋಳಲ್ಲಿ ಎತ್ತಿಕೊಂಡರು.

ಅವಳು ಕಿರುಚಲಿಲ್ಲ, ಒದೆಯಲಿಲ್ಲ. ಒಂದು ಕೈಯಿಂದ ಕಣ್ಣು ಮುಚ್ಚಿಕೊಂಡಳು. ನೀರು ಅವರ ಮೊಣಕಾಲಿಗೆ ಬಂದಾಗ ಒಂದೇ ಒಂದು ಮಾತು ಹೇಳಿದಳು: "ಕ್ಯಾಪ್ಟನ್, ನನ್ನನ್ನ ಇಳಿಸಿ."

ಅವಳು ಅವರನ್ನು ಎಂದೂ ಹಾಗೆ ಕರೆದವಳಲ್ಲ. ಭಾವ ಒಂದು ಕ್ಷಣ ನಿಂತರು. ನಿಂತದ್ದನ್ನು ನಾನು ನೋಡಿದೆ. ಆಮೇಲೆ ಸೊಂಟದ ತನಕ ನೀರಿಗೆ ಹೋಗಿ ಅವಳನ್ನು ದೋಣಿಯಲ್ಲಿ ಕೂರಿಸಿ, ವಾಪಸು ಬಂದು ಜೆನಿಫರ್‌ಳನ್ನೂ ಎತ್ತಿಕೊಂಡು ಹೋದರು.

ಆ ದಿನ ನಮ್ಮ ಪಟ್ಟಿಯ ಮೂವತ್ತು ಜನ ಹಡಗು ಹತ್ತಿದರು. ಅಕ್ಕ, ಜೆನಿಫರ್ ಬಿಟ್ಟು ಬೇರೆ ಒಬ್ಬರನ್ನೂ ಮುಟ್ಟಬೇಕಾಗಲಿಲ್ಲ, ತಲೆ ತಗ್ಗಿಸಿಕೊಂಡು ತಾವೇ ಬಂದರು.

ನಾನು ಕತ್ತಿ ಕೊಡಲು ಹೋದಾಗ ಭಾವ, "ಇವತ್ತೊಂದಿನ ನೀನೇ ಇಟ್ಕೊ" ಅಂದರು. ಒದ್ದೆ ಬಟ್ಟೆಯಲ್ಲೇ ಕರ್ನಲ್ ಹತ್ತಿರ ಹೋಗಿ ಪಟ್ಟಿಯನ್ನು ಮುಂದೆ ಹಿಡಿದರು.

"ಸಾರ್, ಇದನ್ನ ಬೇರೆ ಯಾರಿಗಾದ್ರೂ ಕೊಡಿ. ಒಬ್ಬಳನ್ನ ಹೊತ್ತಿದೀನಿ. ಇನ್ನೊಬ್ರನ್ನ ಮುಟ್ಟಲ್ಲ. ನನ್ನ ಕಂಪನಿಯೋರ ಕೈಲೂ ಮುಟ್ಸಲ್ಲ."

"ಯಾಕ್ರೀ? ಮೂವತ್ತು ಜನ ಹತ್ತಿದ್ರಲ್ಲ. ನಾನು ಹೇಳಿದ ಹಾಗೇ ಆಯ್ತಲ್ಲ!"

"ಹೌದು ಸಾರ್, ಆಯ್ತು. ಅದಕ್ಕೇ ಹೇಳ್ತಿರೋದು."

ಕರ್ನಲ್‌ಗೆ ಅರ್ಥವಾಗಲಿಲ್ಲ. ಹುಕುಂ ಮೀರಿದ್ದಕ್ಕೆ ಬೈಗುಳ ಸಿಕ್ಕಿತು, ಭಾವನನ್ನು ಅರ್ಧ ಕಂಪನಿಯ ಜೊತೆ ಒಮಾಟಾದ ಹೊರಠಾಣೆಗೆ ಹಾಕಿದರು. ಮರದ ಗೋಡೆ, ನಾಲ್ಕು ಮೂಲೆಗೆ ನಾಲ್ಕು ಕಾವಲು, ಕೆಳಗೆ ಜವುಗು. ಅಲ್ಲಿಂದ ನೋಡಿದರೆ ಅವರ ಸುಟ್ಟ ಮನೆಯ ಚಿಮಣಿ ಕಾಣುತ್ತಿತ್ತು. ಹೆಂಗಸರನ್ನು ಎತ್ತಿ ಹಾಕುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಪಟ್ಟಿಯಲ್ಲಿ ಹದಿನೇಳು ಹೆಸರು ಉಳಿದವು. ಲವ್‌ಡೇ ಪಾಸ್ಕೋ ಉಳಿದಳು. ನನ್ನ ಹೆಂಡತಿ, ನನ್ನ ಮಗ ಉಳಿದರು.

ಈ ವಿಷಯದಲ್ಲಿ ನಾನು ನಿಜ ಹೇಳಬೇಕು. ಹೆಪ್ಸಿ ನನ್ನನ್ನು ಕೇಳಿದ್ದಳು: "ನಾನ್ ಹೋಗ್ಲಾ, ಇರ್ಲಾ? ನೀನ್ ಹೇಳ್ದಂಗೆ." ನಾನು "ನಿನ್ನಿಷ್ಟ" ಅಂದೆ. "ನಾನ್ ಹೋದ್ರೆ ನಿಂಗ್ ಅಡುಗೆ ಯಾರ್ ಮಾಡ್ತಾರೆ, ಹಸಿ ಹಂದಿಮಾಂಸ ತಿಂತೀಯಾ?" ಎಂದು ನಕ್ಕಳು. ಕಾವಲು ಮುಗಿಸಿ ಬಂದಾಗ ಬಿಸಿ ಊಟ, ಮಗುವಿನ ಮುಖ ಇರುತ್ತದೆ ಎಂದು ನನಗೆ ಒಳಗೊಳಗೇ ಖುಷಿಯಾಗಿತ್ತು.

ಜನವರಿ ಇಲ್ಲಿ ಬೇಸಿಗೆ. ಆ ಬಿಸಿಲಿಗೆ ಗಂಟಲು ಬೇನೆ ಊರಲ್ಲಿ ಹಬ್ಬಿತು. ನೆಡ್‌ಗೆ ಸೋಮವಾರ ಜ್ವರ ಬಂತು. ಗಂಟಲಲ್ಲಿ ಬಿಳಿ ಪೊರೆ ಕಟ್ಟಿದೆ ಎಂದು ಡಾಕ್ಟರು ಚಮಚ ಇಟ್ಟು ನೋಡಿ ಹೇಳಿದರು. ಮಾಡುವುದೇನೂ ಇಲ್ಲ ಎಂದು ಹೇಳಲಿಲ್ಲ, ಆದರೆ ಕೋಟು ಹಾಕಿಕೊಂಡ ರೀತಿಯಲ್ಲೇ ಗೊತ್ತಾಯಿತು. ಗುರುವಾರ ಮಧ್ಯಾಹ್ನ ಮಗು ಹೋಯಿತು. ಶವಪೆಟ್ಟಿಗೆಗೆ ಹಲಗೆ ಸಿಗದೆ ನನ್ನ ಕುಲುಮೆಯ ಬೆಂಚು ಒಡೆದೆ.

ಶನಿವಾರ ಹಿಟ್ಟಿನ ಗಾಡಿಯ ಜೊತೆ ನಾನು ಒಮಾಟಾ ಠಾಣೆಗೆ ಹೋದೆ. ಭಾವ ಗೋಡೆಯ ಸಡಿಲವಾದ ಮರವೊಂದಕ್ಕೆ ಬೆಣೆ ಹೊಡೆಯುತ್ತಿದ್ದರು. ನನ್ನನ್ನು ನೋಡಿ ಸುತ್ತಿಗೆ ಕೆಳಗಿಟ್ಟರು.

"ಸುದ್ದಿ ಬಂತು" ಅಂದರು.

"ಭಾವ, ಒಂದು ಕೇಳ್ತೀನಿ."

"ಕೇಳು."

"ಹೆಪ್ಸೀನ ಯಾಕೆ ಹೊತ್ಕೊಂಡು ಹೋಗ್ಲಿಲ್ಲ? ಅಕ್ಕನ್ನ ಹೊತ್ಕೊಂಡ್ ಹೋದ್ರಿ. ಜೆನಿಫರ್ ಬದುಕಿದಾಳೆ. ನನ್ ಹೆಂಡ್ತೀನ ಯಾಕ್ ಬಿಟ್ರಿ?"

ಅನ್ಯಾಯದ ಪ್ರಶ್ನೆ ಅದು. ನನ್ನ ಹೆಂಡತಿಯನ್ನು ನಾನೇ ಕಳಿಸಬಹುದಿತ್ತು. ಅವರು ಅದನ್ನು ಹೇಳಬಹುದಿತ್ತು. ಹೇಳಿದ್ದರೆ ನಾನು ಬಹುಶಃ ಹೊಡೆಯುತ್ತಿದ್ದೆ. ಅವರು ಮರದ ಗೋಡೆಗೆ ಒರಗಿ ಕೂತರು.

"ಗೊತ್ತಿಲ್ಲ ಜೇಬೆಜ್. ನಿಮ್ಮಕ್ಕನ್ನ ಹೊತ್ಕೊಂಡು ಹೋದಾಗ ತಪ್ಪು ಮಾಡ್ದೆ ಅನ್ನಿಸ್ತು. ಹೆಪ್ಸೀನ ಬಿಟ್ಟಾಗ ಸರಿ ಮಾಡ್ದೆ ಅನ್ನಿಸ್ತು. ಈಗ ನೋಡು."

ಅಷ್ಟೇ. ನನಗೆ ಒಂದು ಬಟ್ಟಲು ಸಾರು ಕೊಟ್ಟು, ತಮ್ಮ ಮಂಚದ ಮೇಲೆ ಮಲಗಿಸಿದರು. ಎದ್ದಾಗ ಗಾಡಿ ಹೋಗಿತ್ತು. ಪಾಳಿಗೆ ಬಾರದ ಒಬ್ಬನ ಬದಲು ಅವರೇ ಬಂದೂಕು ಹಿಡಿದು ಮೂಲೆಯಲ್ಲಿ ನಿಂತಿದ್ದರು, ಕ್ಯಾಪ್ಟನ್ ಆಗಿದ್ದುಕೊಂಡು.

ನಮ್ಮ ಕಂಪನಿಯ ಮೇಲೆ ಗುಂಡು ಬಿದ್ದದ್ದು ಫೆಬ್ರವರಿಯಲ್ಲಿ, ನನ್ನ ಪಾಳಿಯೂ ಠಾಣೆಯಲ್ಲಿದ್ದಾಗ. ಸೌದೆ ಕಡಿಯಲು ಹೋದವರ ಮೇಲೆ ಜರಿಗಿಡದ ಮರೆಯಿಂದ ಮಾವೋರಿಗಳು ಹಾರಿಸಿದರು. ನಾವು ಹೊಗೆ ಕಂಡ ಕಡೆ ಹಾರಿಸಿದೆವು. ಇಪ್ಪತ್ತು ನಿಮಿಷ ನಡೆದಿರಬಹುದು. ಎದುರಿದ್ದವರ ಮುಖ ನಮಗೆ ಕಾಣಲಿಲ್ಲ. ಭಾವನ ಗೋಧಿ ಕೊಯ್ಲಿಗೆ ಬರುತ್ತಿದ್ದವರೇ ಕೆಲವರು ಅಲ್ಲಿದ್ದಿರಬೇಕು. ನಮ್ಮವರು ಇಬ್ಬರು ಸತ್ತರು. ಒಬ್ಬ ಪಾಸ್ಕೋ ಮುದುಕಿಯ ಮಗ.

ಅವಳಿಗೆ ಹೇಳಲು ಭಾವ ತಾವೇ ಊರಿಗೆ ಬಂದರು, ನಡೆದುಕೊಂಡು. ಅವಳು ಬಾಗಿಲಲ್ಲೇ ಕೂತಿದ್ದಳು. ಇವರ ಮುಖ ನೋಡಿದ ಕೂಡಲೇ ಎದ್ದು ಕುರ್ಚಿ ಖಾಲಿ ಮಾಡಿದಳು.

"ಕೂತ್ಕೊ ಡಿಗರಿ. ಅಷ್ಟು ದೂರ ನಡ್ಕೊಂಡು ಬಂದಿದೀಯ. ಕೂತ್ಕೊಂಡು ಹೇಳು."

ಈ ನಡುವೆ ಅಕ್ಕ ನೆಲ್ಸನ್‌ನಿಂದ ತಿಂಗಳಿಗೊಂದು ಕಾಗದ ಬರೆಯುತ್ತಿದ್ದಳು, ನನಗೆ. ಕೊನೆಯ ಸಾಲು ಪ್ರತಿ ಸಲ ಒಂದೇ: 'ಜೆನಿಫರ್ ಚೆನ್ನಾಗಿದ್ದಾಳೆ ಎಂದು ಕ್ಯಾಪ್ಟನ್‌ಗೆ ತಿಳಿಸು.' ನಾನು ಆ ಸಾಲನ್ನು ಓದಿ ಹೇಳುತ್ತಿದ್ದೆ. ಭಾವ ತಲೆಯಾಡಿಸುತ್ತಿದ್ದರು. ನೆಡ್ ಹೋದ ಮೇಲೆ ಹೆಪ್ಸಿಗೆ ಎಂಟು ಪುಟದ ಕಾಗದ ಬಂತು. ಅದರಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ, ಹೆಪ್ಸಿ ತೋರಿಸಲಿಲ್ಲ.

ಕದನ ನಿಂತು ಒಂದು ವರ್ಷವಾದ ಮೇಲೆ, ಅರವತ್ತೆರಡರ ಏಪ್ರಿಲ್‌ನಲ್ಲಿ, ಅಕ್ಕ, ಜೆನಿಫರ್ ಇದ್ದ ಹಡಗು ಬಂತು. ಭಾವ ಸಮವಸ್ತ್ರ ಹಾಕದೆ ರೈತನ ಕೋಟಿನಲ್ಲಿ ದಂಡೆಗೆ ಬಂದರು. ದೋಣಿಯವರು ಹೆಂಗಸರನ್ನು ಬೆನ್ನಮೇಲೆ ಹೊತ್ತು ಇಳಿಸುತ್ತಿದ್ದರು. ಅಕ್ಕ ಅವರನ್ನು ಹತ್ತಿರ ಬರಗೊಡದೆ, ಲಂಗ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗೆ ತಾನೇ ಇಳಿದು ನಡೆದು ಬಂದಳು. ಕೂದಲು ಅರ್ಧ ನರೆತಿತ್ತು. ಭಾವ ಕೈ ಚಾಚಿದರು. ಅವಳು ಆ ಕೈಯೊಳಗೆ ಬುಟ್ಟಿ ಇಟ್ಟಳು.

"ಹಿಡ್ಕೊಳ್ಳಿ. ಕಾವು ಕೊಡಿಸೋ ಮೊಟ್ಟೆ ಇದೆ, ಜೋಪಾನ."

ಸ್ವಲ್ಪ ದೂರ ಹೋದ ಮೇಲೆ ಕೇಳಿದಳು: "ಏನಾದ್ರೂ ಉಳಿದಿದ್ಯಾ ಅಲ್ಲಿ?"

"ಹಂದಿಗೂಡು."

"ಮಾಡು ಸೋರುತ್ತಾ?"

"ಇಲ್ಲ. ಅದನ್ನ ಗಟ್ಟಿಯಾಗಿ ಹಾಕಿದ್ದೆ."

ಆ ಚಳಿಗಾಲ ಮೂವರೂ ಹಂದಿಗೂಡಲ್ಲೇ ಇದ್ದರು. ಮುಂದಿನ ವರ್ಷ ಮತ್ತೆ ಯುದ್ಧ, ಮತ್ತೆ ಕಾವಲು. ಈ ಸಲ ಅವಳನ್ನು ಎಲ್ಲಿಗಾದರೂ ಹೋಗು ಎಂದು ಯಾರೂ ಕೇಳಲಿಲ್ಲ. ಭಾವ ಅರವತ್ತಾರರಲ್ಲಿ ರಾಜೀನಾಮೆ ಕೊಟ್ಟರು. ಏಳು ವರ್ಷದ ಸೇವೆಯಲ್ಲಿ ಅವರು ಗುಂಡಿನ ಸದ್ದು ಹತ್ತಿರದಿಂದ ಕೇಳಿದ್ದು ಎರಡು ದಿನ. ಉಳಿದದ್ದೆಲ್ಲ ಕೆಸರು, ಹಾಜರಿ, ಯಾರದೋ ಮನೆಗೆ ಹೋಗಿ ಏನೋ ಹೇಳುವುದು. ಮಾವೋರಿಗಳಿಂದ ಕಿತ್ತುಕೊಂಡ ನೆಲವನ್ನು ಸರ್ಕಾರ ಅಧಿಕಾರಿಗಳಿಗೆ ಹಂಚಿದಾಗ ಭಾವನಿಗೂ ಒಂದು ಭಾಗ ಕೊಡುತ್ತೇವೆ ಅಂದರು. "ಇರೋದನ್ನೇ ಉಳೋಕ್ ಆಗ್ತಿಲ್ಲ" ಎಂದು ವಾಪಸು ಬರೆದರು. ಅದನ್ನು ದೊಡ್ಡ ಗುಣವೆಂದು ಕೆಲವರು ಹೊಗಳಿದರು, ಹುಚ್ಚೆಂದು ಕೆಲವರು ಆಡಿಕೊಂಡರು. ನನ್ನನ್ನು ಕೇಳಿದರೆ, ಅವರಿಗೆ ಸುಸ್ತಾಗಿತ್ತು.

ಜೆನಿಫರ್‌ಗೆ ನೆಲ್ಸನ್‌ನಲ್ಲಿ ಗೆಳತಿಯರಿದ್ದರು. ದೊಡ್ಡವಳಾದ ಮೇಲೆ ಅಲ್ಲಿಗೆ ಹೋಗಿ ಒಬ್ಬ ಚರ್ಮ ಹದ ಮಾಡುವವನನ್ನು ಒಪ್ಪಿದಳು. ಎಪ್ಪತ್ತೊಂದರಲ್ಲಿ ಮದುವೆ, ಅಲ್ಲಿಯೇ. ಅಕ್ಕ ಹಡಗು ಹತ್ತುವವಳಲ್ಲ. "ನೀವ್ ಹೋಗಿ ಬನ್ನಿ, ಅವಳಿಗೆ ಯಾರಾದ್ರೂ ಒಬ್ರು ಬೇಕಲ್ಲ" ಎಂದು ಭಾವನ ಕೋಟು ತಾನೇ ಇಸ್ತ್ರಿ ಮಾಡಿಕೊಟ್ಟಳು. ನಾನು ಅವರನ್ನು ದಂಡೆಯ ತನಕ ಬಿಟ್ಟೆ. ದೋಣಿಯವನು ಕೈ ಕೊಟ್ಟ. ಭಾವ ಅದನ್ನು ಹಿಡಿಯದೆ ಸುಮ್ಮನೆ ನಿಂತರು, ಆಮೇಲೆ ತಿರುಗಿ ಮನೆ ಕಡೆ ಹೊರಟರು. ಮೂರು ಮೈಲಿ ನಾನು ಹಿಂದೆಯೇ ನಡೆದೆ.

"ಯಾಕೆ?" ಅಕ್ಕ ಬಾಗಿಲಲ್ಲಿ ಕೇಳಿದಳು.

"ಅಲೆ ಜೋರಿತ್ತು."

ಅವತ್ತು ಸಮುದ್ರ ತಟ್ಟೆಯಲ್ಲಿಟ್ಟ ಹಾಲಿನ ಹಾಗಿತ್ತು. ಅಕ್ಕ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ.

"ಹಂಗಾದ್ರೆ ಕೋಟು ಬಿಚ್ಚಿಡಿ" ಅಂದಳು. "ಆಲೂಗಡ್ಡೆ ಅಗೆಯೋದಿದೆ."

ಅವರಿಬ್ಬರ ನಡುವೆ ಏನು ಸರಿಹೋಯಿತು, ಏನು ಉಳಿಯಿತು ಎಂದು ನಾನು ಹೇಳಲಾರೆ. ಜಗಳ ಆಡಿದ್ದು ಕೇಳಲಿಲ್ಲ. ಒಂದೇ ತಟ್ಟೆಯಿಂದ ತಿಂದದ್ದನ್ನೂ ನೋಡಿದ್ದೇನೆ, ಒಂದೇ ಕೋಣೆಯಲ್ಲಿ ಇಡೀ ಸಂಜೆ ಮಾತಿಲ್ಲದೆ ಕೂತದ್ದನ್ನೂ ನೋಡಿದ್ದೇನೆ. ವಾಪಸು ಬಂದ ಮೇಲೆ ಕ್ಯಾಪ್ಟನ್ ಎಂದು ಅವಳು ಕರೆಯಲಿಲ್ಲ.

ಎಂಬತ್ತಮೂರರ ಚಳಿಗಾಲದಲ್ಲಿ ಭಾವನ ಎದೆಯಲ್ಲಿ ನೀರು ತುಂಬಿತು. ಎರಡು ವಾರ ಕುರ್ಚಿಯಲ್ಲೇ ಕೂತು ನಿದ್ದೆ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಏಳಲಿಲ್ಲ. ಊರಿನ ಹೊಸ ದಳದ ಅಧಿಕಾರಿ, ಗರಿಗರಿ ಸಮವಸ್ತ್ರದವನು, ಅಕ್ಕನ ಹ‌ತ್ತಿರ ಬಂದು ಗೋರಿಯ ಮೇಲೆ ಗುಂಡು ಹಾರಿಸಿ ಗೌರವ ಕೊಡುತ್ತೇವೆ ಅಂದ.

"ಬೇಡಪ್ಪ" ಅಂದಳು ಅಕ್ಕ. "ಅವರಿಗೆ ಸರಿಯಾಗಿ ನಿದ್ದೆ ಸಿಕ್ಕಿ ಇಪ್ಪತ್ ವರ್ಷದ ಮೇಲಾಯ್ತು. ಸದ್ದು ಮಾಡ್ಬೇಡಿ."

ಆದ್ದರಿಂದ ಸದ್ದಿಲ್ಲದೆ ಮಣ್ಣು ಮಾಡಿದೆವು. ಹಳೆ ಕಂಪನಿಯವರು ಒಂಬತ್ತು ಜನ ಬಂದಿದ್ದರು. ಎಲ್ಲರಿಗೂ ಮಂಡಿ ನೋವು, ನಿಂತಿರಲು ಆಗದೆ ಗೋಡೆಗೆ ಒರಗಿಕೊಂಡಿದ್ದರು. ಪಾದ್ರಿ ಬೇಗ ಮುಗಿಸಿದರು. ಮಳೆ ಹನಿಯತೊಡಗಿತು. ನೆಡ್ ವಿಷಯವಾಗಿ ಭಾವನ ಮೇಲೆ ಹೆಪ್ಸಿಯ ಮನಸ್ಸಿನಲ್ಲಿ ಏನಿತ್ತೋ, ಅವಳು ಬರುತ್ತಾಳೋ ಇಲ್ಲವೋ ಎಂದು ನನಗೆ ಕೊನೆಯವರೆಗೆ ಗೊತ್ತಿರಲಿಲ್ಲ. ಬಂದಳು, ಅಕ್ಕನ ಪಕ್ಕದಲ್ಲೇ ನಿಂತಳು. ವಾಪಸು ಹೋಗುವಾಗ ಇಬ್ಬರೂ ತೋಳಿಗೆ ತೋಳು ಸೇರಿಸಿಕೊಂಡು ನನ್ನ ಮುಂದೆ ನಡೆಯುತ್ತಿದ್ದರು. ಏನು ಮಾತಾಡುತ್ತಾರೆ ಎಂದು ಹತ್ತಿರ ಹೋದೆ. ಅಕ್ಕನ ಕೋಳಿಗಳು ಒಂದು ವಾರದಿಂದ ಮೊಟ್ಟೆ ಇಡುತ್ತಿಲ್ಲವಂತೆ. ಚಿಪ್ಪು ಪುಡಿ ಮಾಡಿ ಹಾಕು ಎಂದು ಹೆಪ್ಸಿ ಹೇಳುತ್ತಿದ್ದಳು.